ಗೋಧಿಗೆ ಬಾರ್ಲಿ ಜೊತೆ ಬೇಕು: ಕಾರವಾರದಲ್ಲಿ ವೀಟ್ ಬಿಯರ್ ಮಾಡಿದ ಅನುಭವ

ಗೋಧಿ ಕಾಳಿಗೆ ಹೊಟ್ಟು ಅಂಟಿಕೊಂಡಿರುವುದಿಲ್ಲ. ಕಣದಲ್ಲಿ ಒಕ್ಕುವಾಗಲೇ ಕಳಚಿ ಬೀಳುತ್ತದೆ. ಬಾರ್ಲಿಯ ಹೊಟ್ಟು ಕಾಳನ್ನು ಕಚ್ಚಿಕೊಂಡೇ ಬ್ರೂವರಿಯ ತನಕ ಬರುತ್ತದೆ. ವೀಟ್ ಬಿಯರ್ ಮಾಡಲು ಹೊರಟವರು ಮೊದಲು ಇದನ್ನು ತಿಳಿದುಕೊಳ್ಳಬೇಕು. ಕಾಳಿನ ಸಿಹಿ ಬಿಸಿನೀರಿಗೆ ಇಳಿದ ಮೇಲೆ ಆ ನೀರನ್ನು ಸೋಸಿ ತೆಗೆಯಬೇಕಲ್ವಾ? ಆಗ ಜರಡಿಯ ಕೆಲಸ ಮಾಡುವುದು ಬಾರ್ಲಿಯ ಹೊಟ್ಟು. ಬರೀ ಗೋಧಿ ಹಾಕಿದರೆ ತಳದಲ್ಲಿ ಗಟ್ಟಿಯಾಗಿ ಕೂತು, ನೀರು ಕೆಳಗೆ ಇಳಿಯುವುದೇ ಇಲ್ಲ. ಪೋಲೆಂಡಿನ ಗ್ರೋಜಿಸ್ಕೆ ಎಂಬ ಹಳೆಯ ಬಿಯರನ್ನು ಪೂರ್ತಿ ಗೋಧಿ ಮಾಲ್ಟಿನಿಂದಲೇ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಗೋಧಿಯಿಂದಲೇ ಮಾಡುತ್ತಾರೆ, ಅದೂ ಓಕ್ ಕಟ್ಟಿಗೆಯ ಹೊಗೆ ಹಾಕಿ ಒಣಗಿಸಿದ ಮಾಲ್ಟ್. ಅಂಥ ಕೆಲವನ್ನು ಬಿಟ್ಟರೆ ವೀಟ್ ಬಿಯರ್ ಅಂದರೆ ಎರಡು ಧಾನ್ಯ ಸೇರಿ ಆಗುವ ಬಿಯರ್.

ನಾನು ಶಿರಸಿ ಕಡೆಯವನು. ಮನೆಯಲ್ಲಿ ಅಡಿಕೆ, ಕಾಳುಮೆಣಸು, ತೋಟದ ಮಧ್ಯೆ ಅಷ್ಟಿಷ್ಟು ಬಾಳೆ. ಕೆಲಸ ಮಾತ್ರ ಘಟ್ಟದ ಕೆಳಗೆ, ಕಾರವಾರದ ಹತ್ತಿರ, ಹೋಟೆಲೊಂದಕ್ಕೆ ಹೊಂದಿಕೊಂಡ ಸಣ್ಣ ಬ್ರೂವರಿಯಲ್ಲಿ. ಒಂದು ಸಲಕ್ಕೆ 500 ಲೀಟರ್ ಬಿಯರ್ ಆಗುತ್ತದೆ. ದೊಡ್ಡ ಕಾರ್ಖಾನೆಗಳ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ಕಾಳು ಒಡೆಯುವುದರಿಂದ ಹಿಡಿದು ಗ್ಲಾಸಿಗೆ ಸುರಿಯುವ ತನಕ ಎಲ್ಲವನ್ನೂ ಕೈಯಾರೆ ಮಾಡುವ ಅವಕಾಶ ಇಲ್ಲಿ ಸಿಗುತ್ತದೆ. ಇದನ್ನು ಓದಿ ಮನೆಯಲ್ಲಿ ಮಾಡಿ ನೋಡೋಣ ಅನ್ನಿಸಿದರೆ ದಯವಿಟ್ಟು ಬೇಡ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ.

ಮಾಲ್ಟ್ ಅಂದರೆ ಏನು ಅಂತ ಊರಲ್ಲಿ ತುಂಬಾ ಜನ ಕೇಳಿದ್ದಾರೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಮಕ್ಕಳಿಗೆ ಹಿಟ್ಟು ಮಾಡುತ್ತಾರಲ್ಲ, ಇದೂ ಅದೇ ಥರ. ಮೊಳಕೆ ಒಡೆಯುವಾಗ ಕಾಳಿನೊಳಗೆ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಆ ಹಂತದಲ್ಲಿ ಹದವಾದ ಬಿಸಿ ಗಾಳಿಯಲ್ಲಿ ಒಣಗಿಸಿದರೆ ಮೊಳಕೆ ನಿಲ್ಲುತ್ತದೆ, ಕಿಣ್ವಗಳು ಉಳಿಯುತ್ತವೆ. ಮುಂದೆ ಪಿಷ್ಟವನ್ನು ಸಕ್ಕರೆ ಮಾಡುವುದು ಇವೇ. ಬಾರ್ಲಿ ಬೆಳೆಯುವುದು ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣದ ಕಡೆ. ನಮಗೆ ಮಾಲ್ಟ್ ಚೀಲಗಳು ಲಾರಿಯಲ್ಲಿ ಬರುತ್ತವೆ. ಗೋಧಿ ಮಾಲ್ಟ್ ಕೂಡ ಹೊರಗಿನದೇ.

ಚೀಲ ಬಂದ ದಿನದಿಂದಲೇ ಕರಾವಳಿಯ ಗಾಳಿಯ ಜೊತೆ ಜಗ್ಗಾಟ ಶುರು. ಒಳ್ಳೆಯ ಮಾಲ್ಟಿನಲ್ಲಿ ತೇವ ಶೇಕಡಾ 4ರಿಂದ 5 ಇರುತ್ತದೆ. ಹಲ್ಲಲ್ಲಿ ಕಚ್ಚಿದರೆ ಗರಿಗರಿ ಅನ್ನಬೇಕು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಾಯಿ ತೆರೆದಿಟ್ಟ ಚೀಲ ಆಷಾಢದಲ್ಲಿ ಕೆಲವೇ ದಿನಕ್ಕೆ ಮೆತ್ತಗಾಗುತ್ತದೆ, ಹಿಂದೆಯೇ ನುಸಿ ಬರುತ್ತದೆ. ಗೋಧಿ ಮಾಲ್ಟಿಗೆ ಹೊಟ್ಟಿನ ರಕ್ಷಣೆ ಇಲ್ಲ, ಹಾಗಾಗಿ ಅದನ್ನು ಇನ್ನೂ ಜಾಸ್ತಿ ಜೋಪಾನ ಮಾಡಬೇಕು. ನಾವು ಚೀಲಗಳನ್ನು ಗೋಡೆಯಿಂದ ದೂರ, ಮರದ ಹಲಗೆಗಳ ಮೇಲೆ ಇಡುತ್ತೇವೆ. ತೆರೆದ ಚೀಲದಲ್ಲಿ ಉಳಿದದ್ದು ಬಿಗಿ ಮುಚ್ಚಳದ ಡ್ರಮ್ಮಿಗೆ ಹೋಗುತ್ತದೆ. ಮಳೆಗಾಲಕ್ಕೆ ಜಾಸ್ತಿ ದಾಸ್ತಾನು ಮಾಡುವುದಿಲ್ಲ.

ನಮ್ಮ ಲೆಕ್ಕ ಹೀಗೆ. 500 ಲೀಟರಿಗೆ ಗೋಧಿ ಮಾಲ್ಟ್ 55 ಕೆ.ಜಿ., ಪಿಲ್ಸ್ನರ್ ಎಂಬ ತಿಳಿ ಬಣ್ಣದ ಬಾರ್ಲಿ ಮಾಲ್ಟ್ 40 ಕೆ.ಜಿ. ಜರ್ಮನಿಯಲ್ಲಿ ವೈಟ್ಸನ್ ಅಥವಾ ವೈಸ್‌ಬಿಯರ್ ಎಂಬ ಹೆಸರಿಡಬೇಕಾದರೆ ಮಾಲ್ಟಿನಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಂತೆ ಗೋಧಿ ಇರಬೇಕು. ಕೆಲವರು ಶೇಕಡಾ 70ರ ತನಕ ಹೋಗುತ್ತಾರೆ. ನಾನು 60ರ ಒಳಗೇ ಇರುವುದನ್ನು ಇಷ್ಟಪಡುತ್ತೇನೆ. ಅದಕ್ಕಿಂತ ಜಾಸ್ತಿಯಾದರೆ ಸೋಸುವ ಹೊತ್ತಿನ ಪರದಾಟಕ್ಕೆ ತಕ್ಕಷ್ಟು ರುಚಿ ಸೇರುವುದು ನನ್ನ ನಾಲಿಗೆಗೆ ಕಾಣಲಿಲ್ಲ.

ಕಾಳು ಒಡೆಯುವ ಯಂತ್ರಕ್ಕೆ ಎರಡು ರೋಲರ್. ಎರಡೂ ಧಾನ್ಯವನ್ನು ಒಟ್ಟಿಗೆ ಸುರಿಯಬಾರದು. ಗೋಧಿ ಮಾಲ್ಟ್ ಚಿಕ್ಕದು, ಗಟ್ಟಿ. ಬಾರ್ಲಿಗೆ ಇಟ್ಟ ಅಂತರದಲ್ಲಿ ಹಾಕಿದರೆ ಎಷ್ಟೋ ಕಾಳು ಇಡಿಯಾಗಿಯೇ ಹೊರಗೆ ಬೀಳುತ್ತವೆ. ಬಾರ್ಲಿಯನ್ನು ದೊಡ್ಡ ಅಂತರದಲ್ಲಿ ಮೊದಲು ಒಡೆದು, ಆಮೇಲೆ ರೋಲರ್ ಹತ್ತಿರ ತಂದು ಗೋಧಿ ಹಾಕುತ್ತೇವೆ. ಬಾರ್ಲಿಗೆ ಒಡೆಯುವ ಮುಂಚೆ ಒಂದೆರಡು ಮುಷ್ಟಿ ನೀರು ಚಿಮುಕಿಸಿ ಕಲಸುತ್ತೇವೆ. ಹೊಟ್ಟು ಸ್ವಲ್ಪ ಮೆತ್ತಗಾಗಿ ಪುಡಿಯಾಗದೆ ಅಗಲವಾಗಿ ಉಳಿಯುತ್ತದೆ. ನಮ್ಮ ಹಿರಿಯ ಬ್ರೂವರ್ ಪ್ರತಿ ಸಲ ಒಂದು ಹಿಡಿ ಎತ್ತಿ ಬಿಳಿ ಕಾಗದದ ಮೇಲೆ ಹರಡಿ ನೋಡುತ್ತಾರೆ. ಈಗ ನನಗೂ ಅದೇ ರೂಢಿ.

ನೀರಿನ ವಿಷಯದಲ್ಲಿ ನಾವು ಪುಣ್ಯವಂತರು. ಜಂಬಿಟ್ಟಿಗೆ ಕಲ್ಲಿನ ನೆಲದ ಬಾವಿ ನೀರು ಮೃದು, ಅದರಲ್ಲಿ ಖನಿಜ ಕಡಿಮೆ. ತಿಳಿ ಬಣ್ಣದ ವೀಟ್ ಬಿಯರಿಗೆ ಇಂಥ ನೀರೇ ಚಂದ. ಸ್ವಲ್ಪ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿದರೆ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಕಡಲ ಪಕ್ಕದ ಬಾವಿಗಳಿಗೆ ಉಪ್ಪು ನುಗ್ಗುತ್ತದೆ. ಆಗ ಶುದ್ಧೀಕರಿಸಿದ ನೀರನ್ನೇ ಬಳಸುತ್ತೇವೆ.

ಬೆಳಿಗ್ಗೆ ಬೇಗ ಮ್ಯಾಶ್ ಶುರು. ಒಡೆದ ಕಾಳನ್ನು ಬಿಸಿನೀರಿಗೆ ಕಲಸಿ 44 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಬಿಡುತ್ತೇವೆ. ಬೇರೆ ಬಿಯರ್‌ಗಳಲ್ಲಿ ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ಇಲ್ಲಿ ಇದು ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಈ ಬಿಸಿಯಲ್ಲಿ ಕಾಳಿನ ಗೋಡೆಗಳಿಂದ ಫೆರುಲಿಕ್ ಆಮ್ಲ ಬಿಡುಗಡೆಯಾಗುತ್ತದೆ. ಮುಂದೆ ಯೀಸ್ಟ್ ಅದನ್ನು ಲವಂಗದ ಪರಿಮಳವಾಗಿ ಮಾರ್ಪಡಿಸುತ್ತದೆ. ಆಮೇಲೆ 63 ಡಿಗ್ರಿಗೆ ಏರಿಸಿ 40 ನಿಮಿಷ, 72ಕ್ಕೆ ಏರಿಸಿ 20 ನಿಮಿಷ. 63ರಲ್ಲಿ ಯೀಸ್ಟ್ ಸುಲಭವಾಗಿ ತಿನ್ನುವ ಮಾಲ್ಟೋಸ್ ಸಕ್ಕರೆ ಹುಟ್ಟುತ್ತದೆ. 72ರಲ್ಲಿ ಉಳಿದ ಪಿಷ್ಟ ಒಡೆದು, ಬಿಯರಿಗೆ ಮೈ ಕೊಡುವ ಉದ್ದ ಸಕ್ಕರೆಗಳು ಉಳಿದುಕೊಳ್ಳುತ್ತವೆ. ಬಿಳಿ ತಟ್ಟೆಯಲ್ಲಿ ಎರಡು ಹನಿ ಹಾಕಿ ಅಯೋಡಿನ್ ಬೆರೆಸುತ್ತೇವೆ. ನೀಲಿ ಬಂದರೆ ಪಿಷ್ಟ ಇನ್ನೂ ಇದೆ ಎಂದರ್ಥ. ಕಂದು ಹಳದಿಯಾಗಿಯೇ ಉಳಿದರೆ 76ಕ್ಕೆ ಏರಿಸಿ ಸೋಸುವ ಪಾತ್ರೆಗೆ ಕಳಿಸುತ್ತೇವೆ.

ಮ್ಯಾಶ್ ಕಾಯುವ ಹೊತ್ತಿನಲ್ಲೇ ನಾನು ಈ ಬಿಯರಿನ ಹಳೆಯ ಕಥೆಗಳನ್ನು ಕೇಳಿ ಕಲಿತದ್ದು. 1516ರಲ್ಲಿ ಬವೇರಿಯಾದ ಇಂಗೋಲ್‌ಸ್ಟಾಟ್‌ನಲ್ಲಿ ಡ್ಯೂಕ್ 4ನೇ ವಿಲ್‌ಹೆಲ್ಮ್ ಹೊರಡಿಸಿದ ಕಟ್ಟಳೆಯಲ್ಲಿ ಬಿಯರಿಗೆ ಬಾರ್ಲಿ, ಹಾಪ್ಸ್ (ಕಹಿ ಕೊಡುವ ಒಂದು ಬಳ್ಳಿಯ ಹೂ), ನೀರು ಮಾತ್ರ ಎಂದಿತ್ತು. ಗೋಧಿಗೆ ಜಾಗ ಇರಲಿಲ್ಲ. ಗೋಧಿ ಬ್ರೆಡ್ಡಿಗೆ ಉಳಿಯಲಿ ಎಂಬುದು ಅದಕ್ಕೆ ಹೇಳುವ ಒಂದು ಕಾರಣ. ಆದರೂ ಡೆಗನ್‌ಬರ್ಗ್ ಎಂಬ ಒಂದು ಮನೆತನಕ್ಕೆ ಗೋಧಿ ಬಿಯರ್ ಮಾಡುವ ಹಕ್ಕು ಇತ್ತು. 1602ರಲ್ಲಿ ಆ ಮನೆತನ ವಾರಸುದಾರರಿಲ್ಲದೆ ಮುಗಿದಾಗ ಡ್ಯೂಕ್ ಮ್ಯಾಕ್ಸಿಮಿಲಿಯನ್ ಆ ಹಕ್ಕನ್ನು ತನ್ನ ಕೈಗೆ ತೆಗೆದುಕೊಂಡ. ಅಲ್ಲಿಂದ ಬಹಳ ಕಾಲ ಗೋಧಿ ಬಿಯರ್ ಅರಮನೆಗೆ ದೊಡ್ಡ ಆದಾಯ ತಂದಿತು. ಆಮೇಲೆ ಜನರ ರುಚಿ ಬದಲಾಯಿತು, ಬೇಡಿಕೆ ಬಿತ್ತು. 1872ರಲ್ಲಿ ಗೇಯಾರ್ಗ್ ಷ್ನೈಡರ್ ಎಂಬ ಬ್ರೂವರ್ ಅದನ್ನು ಮಾಡುವ ಹಕ್ಕನ್ನು ರಾಜಮನೆತನದಿಂದ ಪಡೆದ. ಇವತ್ತು ನಾವು ಕುಡಿಯುವ ಬವೇರಿಯನ್ ವೀಟ್ ಬಿಯರ್ ಉಳಿದುಕೊಂಡದ್ದರಲ್ಲಿ ಅವನ ಪಾಲು ದೊಡ್ಡದು. ಕಾನೂನು ಬೇಡ ಅಂದ ಧಾನ್ಯ, ಫ್ಯಾಶನ್ ಕೈಬಿಟ್ಟ ಬಿಯರ್, ಎರಡೂ ದಾಟಿ ಉಳಿದಿದೆ ಅನ್ನುವುದು ನನಗೆ ತುಂಬಾ ಹಿಡಿಸುತ್ತದೆ.

ಇನ್ನು ಸೋಸುವುದು. ನಮ್ಮ ಊರಿನ ಒಂದು ವಸ್ತು ಇಲ್ಲೇ ಕೈಹಿಡಿದದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಗೋಧಿಯಲ್ಲಿ ಪ್ರೋಟೀನ್ ಜಾಸ್ತಿ. ಅದರ ಕೋಶದ ಗೋಡೆಗಳಲ್ಲಿ ನೀರನ್ನು ಗೊಂದಿನ ಹಾಗೆ ದಪ್ಪ ಮಾಡುವ ಪದಾರ್ಥಗಳೂ ಇವೆ. 40 ಕೆ.ಜಿ. ಬಾರ್ಲಿಯ ಹೊಟ್ಟು ಪಾತ್ರೆಯ ತಳದಲ್ಲಿ ಕೂತ 95 ಕೆ.ಜಿ. ಧಾನ್ಯದ ಹಾಸಿಗೆಯನ್ನು ಹೊರಬೇಕು. ಕೆಲವು ಸಲ ಹೊರುತ್ತದೆ. ಕೆಲವು ಸಲ ಅರ್ಧ ಹರಿದ ಮೇಲೆ ಧಾರೆ ಸಣ್ಣಗಾಗಿ ನಿಂತುಬಿಡುತ್ತದೆ. ನಿಂತಾಗ ಪಂಪಿನ ವೇಗ ಹೆಚ್ಚಿಸಿದರೆ ಹಾಸಿಗೆ ಇನ್ನೂ ಒತ್ತಿಕೊಂಡು ಪೂರ್ತಿ ಕಟ್ಟುತ್ತದೆ. ಕವಾಟ ಮುಚ್ಚಿ, ಕೆಳಗಿನಿಂದ ನಿಧಾನಕ್ಕೆ ಬಿಸಿನೀರು ಬಿಟ್ಟು ಹಾಸಿಗೆಯನ್ನು ಎತ್ತಬೇಕು. ಮೇಲಿನಿಂದ ಕೋಲಿನಲ್ಲಿ ಗೆರೆ ಎಳೆಯಬೇಕು. ಕಾಲು ಗಂಟೆ ಕೂರಲು ಬಿಟ್ಟು, ಮೊದಲು ಬರುವ ಕಲಕು ನೀರನ್ನು ಮತ್ತೆ ಮೇಲಕ್ಕೆ ಸುರಿದು, ತಿಳಿಯಾದ ಮೇಲೆ ಮುಂದುವರಿಸಬೇಕು. ಈ ಕೆಲಸದಲ್ಲಿ ಎರಡು ಗಂಟೆ ಸುಲಭವಾಗಿ ಹೋಗುತ್ತದೆ.

ವಿದೇಶದ ಬ್ರೂವರಿಗಳು ಇದಕ್ಕೆ ಭತ್ತದ ಉಮಿ ಬಳಸುತ್ತವೆ, ಚೀಲಕ್ಕೆ ದುಡ್ಡು ಕೊಟ್ಟು ತರಿಸಿಕೊಳ್ಳುತ್ತವೆ. ಇದನ್ನು ಕೇಳಿದ ದಿನ ನನಗಾದ ಖುಷಿ ಹೇಳತೀರದು. ಅಂಕೋಲಾ, ಕುಮಟಾ ಕಡೆ ಅಕ್ಕಿ ಗಿರಣಿಗಳ ಹಿಂದೆ ಉಮಿಯ ರಾಶಿ ಬಿದ್ದಿರುತ್ತದೆ! ಆದರೆ ಎಲ್ಲ ಉಮಿಯೂ ಆಗುವುದಿಲ್ಲ. ಹಳೆಯ ಹಲ್ಲರ್ ಗಿರಣಿಯಲ್ಲಿ ಉಮಿ ಪುಡಿಪುಡಿಯಾಗಿ ತೌಡಿನ ಜೊತೆ ಬೆರೆತು ಬರುತ್ತದೆ. ತೌಡಿನಲ್ಲಿ ಎಣ್ಣೆ ಇದೆ. ಎಣ್ಣೆ ಬಿಯರಿನ ನೊರೆಯನ್ನು ಕೊಲ್ಲುತ್ತದೆ. ರಬ್ಬರ್ ರೋಲರ್ ಇರುವ ಗಿರಣಿಯಲ್ಲಿ ಉಮಿ ಎರಡು ಹೋಳಾಗಿ, ದೋಣಿಯ ಆಕಾರದಲ್ಲಿ ಇಡಿಯಾಗಿ ಬರುತ್ತದೆ. ನಮಗೆ ಬೇಕಾದದ್ದು ಅದು. ಕುಮಟಾ ದಾರಿಯ ಗಿರಣಿಯವರಿಗೆ ಬಿಯರಿಗೆ ಉಮಿ ಯಾಕೆ ಅಂತ ವಿವರಿಸಿ ಹೇಳಿದೆ. ಅವರು ಆಸಕ್ತಿಯಿಂದ ಕೇಳಿ, ಹೊಸ ಭತ್ತದ ಉಮಿಯನ್ನೇ ಬೇರೆ ತೆಗೆದಿಟ್ಟು ಕೊಟ್ಟರು. ಅದನ್ನು ಜಾಲಾಡಿ, ಧೂಳು ಹೋಗುವ ತನಕ ತೊಳೆದು, ಒಮ್ಮೆ ಕುದಿನೀರು ಹಾಕಿ ಬಸಿಯುತ್ತೇವೆ. 95 ಕೆ.ಜಿ. ಧಾನ್ಯಕ್ಕೆ 3 ಕೆ.ಜಿ. ಉಮಿ. ಅದರಿಂದ ಸಕ್ಕರೆ ಬರುವುದಿಲ್ಲ, ಚೆನ್ನಾಗಿ ತೊಳೆದರೆ ರುಚಿಯೂ ಬರುವುದಿಲ್ಲ. ಹಾಸಿಗೆ ಮಾತ್ರ ಸಡಿಲವಾಗಿ ನಿಲ್ಲುತ್ತದೆ, ಧಾರೆ ಒಂದೇ ಸಮ ಹರಿಯುತ್ತದೆ. ಅಲ್ಲಿಂದ ಈಚೆಗೆ ಉಮಿ ಇಲ್ಲದೆ ನಾವು ವೀಟ್ ಬಿಯರ್ ಮಾಡಿಲ್ಲ.

ಸೋಸಿ ಉಳಿದ ಕಾಳು ದನಗಳಿಗೆ ಹೋಗುತ್ತದೆ. ಅದರಲ್ಲಿ ಪ್ರೋಟೀನ್, ನಾರು ಚೆನ್ನಾಗಿದೆ. ಇಲ್ಲಿನ ಸೆಕೆಗೆ ಸಂಜೆಯೊಳಗೆ ಹುಳಿ ವಾಸನೆ ಹಿಡಿಯುತ್ತದೆ, ಆದ್ದರಿಂದ ಹಾಲಿನವರು ಮಧ್ಯಾಹ್ನವೇ ಬಂದು ಒಯ್ಯುತ್ತಾರೆ.

ಕುದಿಸುವುದು ಒಂದು ಗಂಟೆ. ಈ ಬಿಯರಿಗೆ ಕಹಿ ಜಾಸ್ತಿ ಬೇಡ. ಜರ್ಮನಿಯ ಹಾಲರ್ಟೌ ಹಾಪ್ಸ್ 600 ಗ್ರಾಂ ಆಸುಪಾಸು, ಅಷ್ಟೇ. ಕುದಿ ಬರುವ ಹೊತ್ತಿಗೆ ಪಾತ್ರೆಯ ಹತ್ತಿರವೇ ನಿಲ್ಲಬೇಕು. ಗೋಧಿಯ ಪ್ರೋಟೀನಿನಿಂದ ನೊರೆ ಒಮ್ಮೆಲೇ ಉಕ್ಕುತ್ತದೆ.

ಕರಾವಳಿಯಲ್ಲಿ ನಿಜವಾದ ಕಷ್ಟ ತಣಿಸುವಾಗ. ಕುದಿದ ವರ್ಟನ್ನು, ಅಂದರೆ ಸೋಸಿ ತೆಗೆದ ಆ ಸಿಹಿ ನೀರನ್ನು, ಬೇಗ 17 ಡಿಗ್ರಿಗೆ ಇಳಿಸಬೇಕು. ನಮ್ಮ ಬಾವಿ ನೀರೇ 27, 28 ಡಿಗ್ರಿ ಇರುತ್ತದೆ. ಆ ನೀರಿನಿಂದ 30ರ ಹತ್ತಿರ ಮಾತ್ರ ತರಬಹುದು. ಅಲ್ಲಿಂದ ಕೆಳಗೆ ಇಳಿಸಲು ಗ್ಲೈಕಾಲ್ ಯಂತ್ರ ತಣ್ಣಗೆ ಮಾಡಿದ ನೀರು ಬೇಕು. ಕೊರೆಯುವ ಚಳಿಯ ನಾಡಿನಲ್ಲಿ ಹುಟ್ಟಿದ ಬಿಯರನ್ನು ಇಲ್ಲಿ ಮಾಡುವಾಗ ಎಲ್ಲಕ್ಕಿಂತ ದುಬಾರಿ ಬಾಬತ್ತು ಈ ತಂಪೇ. ಮಿಕ್ಕಿದ್ದೆಲ್ಲ ನಮ್ಮ ಕೈಗೆ ಸಿಗುತ್ತದೆ.

17 ಡಿಗ್ರಿ ಯಾಕೆ? ಯೀಸ್ಟಿಗಾಗಿ.

ಬವೇರಿಯನ್ ವೀಟ್ ಬಿಯರಿನ ಗ್ಲಾಸನ್ನು ಮೂಗಿನ ಹತ್ತಿರ ತಂದರೆ ಬಾಳೆಹಣ್ಣು ಮತ್ತು ಲವಂಗದ ಪರಿಮಳ ಬರುತ್ತದೆ. ನಮ್ಮಲ್ಲಿ ಬಂದವರು ಬಾಳೆಹಣ್ಣು ಹಾಕಿದ್ದೀರಾ ಅಂತ ಕೇಳದ ದಿನ ಕಡಿಮೆ. ಎರಡನ್ನೂ ಹಾಕುವುದಿಲ್ಲ. ಎರಡೂ ಯೀಸ್ಟಿನ ಕೆಲಸ. ಬಾಳೆಹಣ್ಣಿನ ಪರಿಮಳಕ್ಕೆ ಕಾರಣ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರ್. ತೋಟದಲ್ಲಿ ಹಣ್ಣಾದ ಬಾಳೆಗೊನೆಯ ಪರಿಮಳದಲ್ಲಿ ಮುಖ್ಯವಾಗಿ ಇರುವುದೂ ಇದೇ. ಲವಂಗದ್ದು 4-ವಿನೈಲ್ ಗ್ವಾಯಕಾಲ್. ಬೆಳಿಗ್ಗೆ 44 ಡಿಗ್ರಿಯಲ್ಲಿ ಬಿಡಿಸಿಕೊಂಡ ಫೆರುಲಿಕ್ ಆಮ್ಲದಿಂದ ಯೀಸ್ಟ್ ಅದನ್ನು ತಯಾರಿಸುತ್ತದೆ. ಈ ಶಕ್ತಿ ಎಲ್ಲ ಬಿಯರ್ ಯೀಸ್ಟಿಗೂ ಇಲ್ಲ. ಬಹುಪಾಲು ಯೀಸ್ಟುಗಳಲ್ಲಿ ಈ ಗುಣ ಬೇಡವೆಂದೇ ಬ್ರೂವರುಗಳು ಇಷ್ಟು ಕಾಲ ಆರಿಸಿಕೊಂಡು ಬಂದಿದ್ದಾರೆ. ವೀಟ್ ಬಿಯರಿನವರು ಇದೇ ಬೇಕು ಅಂತ ಉಳಿಸಿಕೊಂಡರು. ಮ್ಯೂನಿಕ್ ಹತ್ತಿರದ ವೈಹನ್‌ಸ್ಟೆಫಾನ್‌ನ ಸಂಗ್ರಹದಲ್ಲಿರುವ 68 ನಂಬರಿನ ತಳಿ ಇದಕ್ಕೆ ಜಗತ್ತಿಗೇ ಹೆಸರುವಾಸಿ.

ಯೀಸ್ಟ್ ಹಾಕುವಾಗಿನ ಬಿಸಿ, ಹುದುಗುವಾಗಿನ ಬಿಸಿ, ಎರಡನ್ನೂ ಕೂಡಿಸಿದರೆ 30 ಬರಬೇಕು ಎಂಬ ಹಳೆಯ ಲೆಕ್ಕ ಬವೇರಿಯಾದಲ್ಲಿ ಇದೆ. 12ರಲ್ಲಿ ಹಾಕಿ 18ರಲ್ಲಿ ಹುದುಗಿಸುವುದು. ನಮ್ಮ ಯಂತ್ರಕ್ಕೆ 12 ಭಾರವಾಗುತ್ತದೆ. ಹಾಗಾಗಿ ನಮಗೆ ಸರಿಹೊಂದುವ ಬಿಸಿ ಯಾವುದು ಅಂತ ನಾವೇ ಹುಡುಕಬೇಕಾಯಿತು. ಒಂದೇ ವರ್ಟನ್ನು ಎರಡು ಟ್ಯಾಂಕಿಗೆ ಹಂಚಿದೆವು. ಒಂದೇ ಯೀಸ್ಟ್, ಒಂದೇ ಪ್ರಮಾಣ. ಒಂದನ್ನು 18ರಲ್ಲಿ, ಇನ್ನೊಂದನ್ನು 22ರಲ್ಲಿ ಇಟ್ಟೆವು. ನಾಲ್ಕು ಡಿಗ್ರಿಯಲ್ಲಿ ಎಂಥ ವ್ಯತ್ಯಾಸ! 22ರದ್ದು ಗ್ಲಾಸ್ ಮೇಜಿನ ಮೇಲಿಡುವ ಮೊದಲೇ ಬಾಳೆಹಣ್ಣು ಅನ್ನುತ್ತಿತ್ತು. ಕುಡಿಯುತ್ತಾ ಹೋದಂತೆ ಮಿಠಾಯಿಯಂಥ ವಾಸನೆ ಮೇಲೆ ಬಂದು, ಅರ್ಧ ಗ್ಲಾಸಿಗೆ ಸಾಕೆನಿಸಿತು. 18ರಲ್ಲಿ ಇಟ್ಟದ್ದು ಮೊದಲ ಗುಟುಕಿಗೆ ಸಪ್ಪೆ ಅನ್ನಿಸಿದರೂ, ಲವಂಗ ಮುಂದೆ, ಬಾಳೆ ಅದರ ಹಿಂದೆ, ಗೋಧಿಯ ಮೆದು ರುಚಿ ಅಡಿಯಲ್ಲಿ, ಹೀಗೆ ಒಂದೊಂದೇ ತೆರೆದುಕೊಂಡಿತು. ಎರಡನೇ ಗ್ಲಾಸ್ ಬೇಕು ಅನ್ನಿಸಿದ್ದು ಅದೇ. ಈಗ 17ರಲ್ಲಿ ಯೀಸ್ಟ್ ಹಾಕಿ, ಮೊದಲ ಎರಡು ದಿನ 18ರಲ್ಲಿ ಹಿಡಿದು, ಕೊನೆಗೆ 20ಕ್ಕೆ ಏರಲು ಬಿಡುತ್ತೇವೆ.

ಹಿಡಿಯುವುದು ಅಂದೆ. ಅದು ಹೇಳಿದಷ್ಟು ಹಗುರವಲ್ಲ. ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಎರಡನೇ ದಿನ ಅದರ ಅಬ್ಬರ ಜೋರು. ಹೊರಗೆ 30 ಡಿಗ್ರಿ, ಒಳಗೆ ಕುದಿಯುವಂಥ ಚಟುವಟಿಕೆ, ಮಧ್ಯೆ ಗ್ಲೈಕಾಲ್ ಒಂದೇ ತಡೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ಮಾಮೂಲು. ಒಂದು ರಾತ್ರಿ ಕರೆಂಟ್ ಹೋಗಿ, ಜನರೇಟರೂ ಮುಷ್ಕರ ಹೂಡಿ, ಟ್ಯಾಂಕಿನ ಬಿಸಿ ಗಂಟೆ ಗಂಟೆಗೂ ಏರುವುದನ್ನು ನೋಡುತ್ತಾ ನಿಂತಿದ್ದೆವು. ಮೀನಿಗೆ ಹಾಕುವ ಐಸ್ ತರಿಸಿ, ಗೋಣಿಚೀಲದಲ್ಲಿ ತುಂಬಿ ಟ್ಯಾಂಕಿನ ಸುತ್ತ ಕಟ್ಟಿದೆವು. ಬಂದರಿನ ಊರಿನಲ್ಲಿ ಐಸಿಗೆ ಬರ ಇಲ್ಲ ಅನ್ನುವುದೊಂದು ಭಾಗ್ಯ. ಬಿಯರ್ ಉಳಿಯಿತು. ಬಾಳೆಯ ಪರಿಮಳ ಆ ಸಲ ಸ್ವಲ್ಪ ಮುಂದಾಗಿತ್ತು.

ಟ್ಯಾಂಕನ್ನು ತುಂಬಾ ಮೇಲಿನ ತನಕ ತುಂಬಿಸಬಾರದು. ಈ ಯೀಸ್ಟ್ ಮೇಲಕ್ಕೆ ಏರಿ ದಪ್ಪ ನೊರೆ ಕಟ್ಟುತ್ತದೆ. ಮೂರು, ನಾಲ್ಕು ದಿನಕ್ಕೆ ಅಬ್ಬರ ಇಳಿಯುತ್ತದೆ. 12 ಡಿಗ್ರಿ ಪ್ಲೇಟೊದಲ್ಲಿ ಶುರುವಾದದ್ದು, ಅಂದರೆ 100 ಗ್ರಾಂ ವರ್ಟಿನಲ್ಲಿ 12 ಗ್ರಾಂ ಸಾರ ಇದ್ದದ್ದು, 3ರ ಹತ್ತಿರ ಬಂದು ನಿಲ್ಲುತ್ತದೆ. ಆಲ್ಕೋಹಾಲ್ ಶೇಕಡಾ 5ರ ಆಸುಪಾಸು. ಆಮೇಲೆ ತಂಪು ಮಾಡಿ, ಮಾಮೂಲಿ ಲಾಗರ್ ಬಿಯರಿಗಿಂತ ಜಾಸ್ತಿ ಗ್ಯಾಸ್ ತುಂಬುತ್ತೇವೆ. ಬವೇರಿಯಾದ ಹಳೆಯ ಪದ್ಧತಿಯಲ್ಲಿ ಬಾಟಲಿಗೆ ಸ್ವಲ್ಪ ಹುದುಗದ ವರ್ಟ್ ಸೇರಿಸಿ ಮುಚ್ಚುತ್ತಾರೆ. ಗ್ಯಾಸ್ ಅಲ್ಲೇ ಹುಟ್ಟುತ್ತದೆ.

ಬಿಯರ್ ಮಸುಕಾಗಿದೆ, ಕೆಟ್ಟಿದೆಯಾ ಅಂತ ಕೇಳುವವರು ಇದ್ದಾರೆ. ಆ ಮಸುಕು ಗೋಧಿಯ ಪ್ರೋಟೀನ್ ಮತ್ತು ತೇಲುತ್ತಿರುವ ಯೀಸ್ಟಿನದು, ಅದು ಇರಲೇಬೇಕು. ಅದನ್ನು ಸೋಸಿ ತಿಳಿ ಮಾಡಿದರೆ ಕ್ರಿಸ್ಟಲ್‌ವೈಟ್ಸನ್ ಎಂಬ ಬೇರೆ ಬಿಯರ್ ಆಗುತ್ತದೆ. ನೋಡಲು ಚಂದ, ಆದರೆ ನನಗೆ ಅದರಲ್ಲಿ ಏನೋ ಕಳೆದುಹೋದ ಹಾಗೆ. ಬಾಟಲಿಯ ಬಿಯರ್ ಸುರಿಯುವಾಗ ಎತ್ತರದ ಗ್ಲಾಸನ್ನು ವಾರೆ ಹಿಡಿದು ನಿಧಾನಕ್ಕೆ ಸುರಿದು, ಕೊನೆಯ ಸ್ವಲ್ಪವನ್ನು ಬಾಟಲಿಯಲ್ಲೇ ತಿರುಗಿಸಿ, ತಳದ ಯೀಸ್ಟ್ ಎಬ್ಬಿಸಿ ಮೇಲಿಂದ ಹಾಕಬೇಕು. ನಿಂಬೆ ಹೋಳು ಬೇಡ. ಅದರ ಎಣ್ಣೆ, ಹುಳಿ ಎರಡೂ ನೊರೆಗೆ ಒಳ್ಳೆಯದಲ್ಲ, ಲವಂಗದ ಪರಿಮಳವನ್ನೂ ಮುಚ್ಚಿಬಿಡುತ್ತವೆ. ಇನ್ನೊಂದು ಮುಖ್ಯ ಮಾತು ತಾಜಾತನದ್ದು. ಈ ಬಾಳೆ, ಲವಂಗ ಎರಡೂ ಬೇಗ ಮಾಸುತ್ತವೆ. ದೂರದಿಂದ ಹಡಗಿನಲ್ಲಿ ಬಂದು, ಗೋದಾಮಿನ ಸೆಕೆಯಲ್ಲಿ ತಿಂಗಳುಗಟ್ಟಲೆ ಕೂತ ಬಾಟಲಿ ಕುಡಿದು ವೀಟ್ ಬಿಯರ್ ಇಷ್ಟೇನಾ ಅನ್ನುವವರಿಗೆ ನಾನು ಹೇಳುವುದಿಷ್ಟೇ: ಮಾಡಿದ ಜಾಗದ ಹತ್ತಿರ, ಮಾಡಿದ ತಿಂಗಳಲ್ಲೇ ಕುಡಿದು ನೋಡಿ. ಸಣ್ಣ ಬ್ರೂವರಿಗಳು ಊರೂರಿಗೆ ಇರಬೇಕು ಅಂತ ನಾನು ನಂಬುವುದು ಈ ಬಿಯರಿನಿಂದಾಗಿಯೇ.

ಮೊಳಕೆ ಬರಿಸದ ಗೋಧಿಯಿಂದಲೂ ಮಾಡಿದ್ದೇವೆ. ಅದು ಬೆಲ್ಜಿಯಂನ ವಿಟ್‌ಬಿಯರ್. ಹೂಗಾರ್ಡನ್ ಊರಿನಲ್ಲಿ ಕೊನೆಯ ಬ್ರೂವರಿಯೂ ಮುಚ್ಚಿ ಈ ಬಿಯರ್ ಇಲ್ಲವಾಗಿದ್ದಾಗ, ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ ಎಂಬವರು 1966ರಲ್ಲಿ ಅದನ್ನು ಮತ್ತೆ ಶುರು ಮಾಡಿದರು. ನಾವು ಧಾರವಾಡದ ಗೋಧಿಯನ್ನು ನುಚ್ಚು ಮಾಡಿ ಹಾಕಿದೆವು. ಗೋಧಿಯ ಪಿಷ್ಟ ಮ್ಯಾಶ್‌ನ ಬಿಸಿಯಲ್ಲೇ ಅರಳುತ್ತದೆ, ಹಾಗಾಗಿ ಅಕ್ಕಿಯಂತೆ ಬೇರೆ ಬೇಯಿಸಿ ಹಾಕಬೇಕಾಗಿಲ್ಲ. ಹಸಿ ಗೋಧಿಯಲ್ಲಿ ಪಿಷ್ಟ ಒಡೆಯಲು ಬೇಕಾದಷ್ಟು ಕಿಣ್ವ ಇರುವುದಿಲ್ಲ, ಬಾರ್ಲಿ ಮಾಲ್ಟ್ ತನ್ನ ಕಿಣ್ವವನ್ನು ಅದಕ್ಕೂ ಹಂಚುತ್ತದೆ. ಕೊತ್ತಂಬರಿ ಬೀಜವನ್ನು ಕಾರವಾರದ ರವಿವಾರದ ಸಂತೆಯಿಂದ ತಂದೆವು. ಕಿತ್ತಳೆ ಸಿಪ್ಪೆಯ ಬದಲು ಶಿರಸಿ ಮನೆಯ ಕಂಚಿಕಾಯಿಯ ಹೊರಸಿಪ್ಪೆ, ಬಿಳಿ ಭಾಗ ಸ್ವಲ್ಪವೂ ಬರದಂತೆ ತುರಿದು. ಕಂಚಿಯ ಪರಿಮಳ ಕಿತ್ತಳೆಗಿಂತ ಚೂಪು. ನನಗೆ ಅದೇ ಹೆಚ್ಚು ಇಷ್ಟವಾಯಿತು.

ಆದರೆ ಈ ತೀರಕ್ಕೆ ಹೇಳಿ ಮಾಡಿಸಿದ ಗೋಧಿ ಬಿಯರ್ ಯಾವುದು ಅಂದರೆ ನಾನು ಗೋಸೆ ಅನ್ನುತ್ತೇನೆ. ಜರ್ಮನಿಯ ಗೋಸ್ಲಾರ್ ಊರಿನಲ್ಲಿ ಹುಟ್ಟಿ, ಲೈಪ್‌ಜಿಗ್‌ನಲ್ಲಿ ಹೆಸರು ಮಾಡಿದ ಹುಳಿ ಬಿಯರ್ ಇದು. ಗೋಧಿ, ಬಾರ್ಲಿ ಎರಡರ ಮಾಲ್ಟಿನ ಜೊತೆ ಕೊತ್ತಂಬರಿ ಮತ್ತು ಉಪ್ಪು ಹಾಕುತ್ತಾರೆ. ಉಪ್ಪಿನ ಬಿಯರ್ ಅಂದ ಕೂಡಲೇ ನನಗೆ ನೆನಪಾದದ್ದು ಗೋಕರ್ಣದ ಪಕ್ಕದ ಸಾಣಿಕಟ್ಟಾ. ಅಲ್ಲಿನ ಆಗರಗಳಲ್ಲಿ ಕಡಲ ನೀರನ್ನು ಬಿಸಿಲಿಗೆ ಕಟ್ಟಿ ಮಾಡುವ ದಪ್ಪ ಹರಳುಪ್ಪು ನಮ್ಮ ಜಿಲ್ಲೆಯ ಮನೆಮನೆಯಲ್ಲಿ ಇದೆ. ಮಿಡಿ ಉಪ್ಪಿನಕಾಯಿಗೆ ಬೇರೆ ಉಪ್ಪನ್ನು ನಮ್ಮಮ್ಮ ಮುಟ್ಟುವುದಿಲ್ಲ.

ಹುಳಿ ಬರಿಸಲು ಕುದಿಸಿದ ವರ್ಟನ್ನು 38 ಡಿಗ್ರಿಗೆ ಇಳಿಸಿ, ಲ್ಯಾಕ್ಟೋಬ್ಯಾಸಿಲಸ್ ಹಾಕಿ ಮುಚ್ಚಿಡುತ್ತೇವೆ. ಇಷ್ಟು ದಿನ ಶತ್ರುವಾಗಿದ್ದ ನಮ್ಮ ಸೆಕೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೊರಗೆ 30 ಇರುವಾಗ 38ರಲ್ಲಿ ಕಾಯ್ದಿಡಲು ಕಷ್ಟವೇ ಇಲ್ಲ. ಪಿಎಚ್ 3.4ರ ಹತ್ತಿರ ಬಂದಾಗ ಮತ್ತೆ ಕುದಿಸಿ ಆ ಬ್ಯಾಕ್ಟೀರಿಯಾ ಕೊಲ್ಲುತ್ತೇವೆ. ಕುದಿಯ ಕೊನೆಗೆ ಜಜ್ಜಿದ ಕೊತ್ತಂಬರಿ ಅರ್ಧ ಕೆ.ಜಿ. ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ಮಣ್ಣು ತಳಕ್ಕೆ ಕೂತ ಮೇಲೆ ಬಟ್ಟೆಯಲ್ಲಿ ಸೋಸಿ ಸೇರಿಸುತ್ತೇವೆ. ಪ್ರಮಾಣದ ಬಗ್ಗೆ ನಮ್ಮಲ್ಲಿ ಬಹಳ ಚರ್ಚೆ ನಡೆಯಿತು. ಲೀಟರಿಗೆ ಒಂದೂವರೆ ಗ್ರಾಂ ಇರಲಿ ಅಂದವರಿದ್ದರು. ಸಣ್ಣ ಸಣ್ಣ ಜಗ್ಗಿನಲ್ಲಿ ಬೇರೆ ಬೇರೆ ಪ್ರಮಾಣ ಬೆರೆಸಿ ರುಚಿ ನೋಡಿದೆವು. ಒಂದು ಗ್ರಾಂ ದಾಟಿದರೆ ಉಪ್ಪು ಉಪ್ಪಾಗಿಯೇ ನಾಲಿಗೆಗೆ ಸಿಗುತ್ತದೆ. ಮುಕ್ಕಾಲು ಗ್ರಾಮಿನಲ್ಲಿ ಉಪ್ಪು ಕಾಣುವುದಿಲ್ಲ, ಹುಳಿ ಮಾತ್ರ ದುಂಡಗಾಗುತ್ತದೆ, ಗೋಧಿ ತುಂಬಿಕೊಂಡ ಹಾಗೆ ಆಗುತ್ತದೆ. ಅಲ್ಲಿಗೇ ನಿಲ್ಲಿಸಿದೆವು. ಒಂದು ಟ್ಯಾಂಕಿಗೆ ಮುರುಗಲು ಸಿಪ್ಪೆಯನ್ನೂ ಹಾಕಿದ್ದೆವು. ಬಣ್ಣ ಬಹಳ ಚಂದ ಬಂತು, ಆದರೆ ಕೊತ್ತಂಬರಿ ಪೂರ್ತಿ ಅಡಗಿತು. ಮುರುಗಲು ಹಾಕುವುದಾದರೆ ಕೊತ್ತಂಬರಿ ಬಿಡಬೇಕು ಅನ್ನುವುದು ಈಗಿನ ತೀರ್ಮಾನ.

ಅಘನಾಶಿನಿಯ ಬಳಚಿನ ಸುಕ್ಕೆ ಜೊತೆ ಈ ಗೋಸೆ ಎಷ್ಟು ಚೆನ್ನಾಗಿ ಹೋಗುತ್ತದೆ ಅನ್ನುವುದನ್ನು ನಮ್ಮ ಅಡುಗೆ ಭಟ್ಟರು ಮೊದಲು ಹೇಳಿದರು. ಅವರು ಅಂಕೋಲೆಯವರು, ಮೀನು, ಬಳಚಿನ ವಿಷಯದಲ್ಲಿ ಅವರ ಮಾತು ಮೀರುವಂತಿಲ್ಲ. ಬಂಗಡೆ ಹುರಿದದ್ದಕ್ಕೆ ಅವರು ಗೋಸೆ ಕೊಡುವುದಿಲ್ಲ, 18ರಲ್ಲಿ ಹುದುಗಿದ ವೀಟ್ ಬಿಯರನ್ನೇ ಕೊಡುತ್ತಾರೆ. ಖಾರ ಮಸಾಲೆಗೆ ಆ ಮೆದುತನ ಬೇಕು ಅನ್ನುತ್ತಾರೆ. ನನಗೂ ಹೌದೆನಿಸಿದೆ. ಮುಂದಿನ ಗೋಸೆಗೆ ಮಳೆ ಹಿಡಿಯುವ ಮೊದಲೇ ಸಾಣಿಕಟ್ಟಾದ ಹೊಸ ಉಪ್ಪು ತಂದು ಡ್ರಮ್ಮಿನಲ್ಲಿ ಮುಚ್ಚಿಡಬೇಕು. ಗಿರಣಿಯವರಿಗೂ ಉಮಿ ಬೇಕೆಂದು ಹೇಳಿಟ್ಟಾಗಿದೆ.